ಜೇಮ್ಸ್ ನ್ಯಾಸ್ಮಿತ್: ಯಂತ್ರದಿಂದ ಕೈಯನ್ನು ದೂರವಿಟ್ಟವನು

ಬುಗುರಿ ಆಡುವವರಿಗೆ ಒಳ್ಳೆಯ ಬುಗುರಿ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಚಾಟಿ ಸುತ್ತಿ ಬೀಸಿ ಬಿಟ್ಟರೆ ಅದು ಅತ್ತಿತ್ತ ಅಲುಗದೆ, ನಿಂತ ಜಾಗದಲ್ಲೇ ನಿದ್ದೆ ಹೋದಂತೆ ತಿರುಗಬೇಕು. ಮೊಳೆ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಬುಗುರಿ ಕುಣಿಯುತ್ತದೆ, ವಾಲುತ್ತದೆ, ಉರುಳುತ್ತದೆ. ಸುಮಾರು 200 ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಒಬ್ಬ ಶಾಲಾ ಹುಡುಗ ಗೆಳೆಯರಿಗೆಲ್ಲ ಬುಗುರಿ ಮಾಡಿಕೊಡುತ್ತಿದ್ದ. ಅವನ ಬುಗುರಿಗಳು ಸ್ವಲ್ಪವೂ ಓಲಾಡುತ್ತಿರಲಿಲ್ಲ. ಏಕೆಂದರೆ ಅವನು ಅವನ್ನು ಚಾಕುವಿನಿಂದ ಕೆತ್ತದೆ ತಂದೆಯ ಲೇತಿನ ಮೇಲೆ ಕಡೆಯುತ್ತಿದ್ದ. ಮರದ ಅಥವಾ ಲೋಹದ ತುಂಡನ್ನು ಗಿರಗಿರನೆ ತಿರುಗಿಸುತ್ತ, ಅದಕ್ಕೆ ಉಳಿ ತಾಗಿಸಿ ದುಂಡಗೆ ಮಾಡುವ ಯಂತ್ರವೇ ಲೇತ್. ಚನ್ನಪಟ್ಟಣದ ಗೊಂಬೆಗಳು ಇಂಥ ಯಂತ್ರದ ಮೇಲೆಯೇ ರೂಪು ತಾಳುತ್ತವೆ.

ಆ ಹುಡುಗನ ಹೆಸರು ಜೇಮ್ಸ್ ನ್ಯಾಸ್ಮಿತ್. ಹುಟ್ಟಿದ್ದು 1808ರ ಆಗಸ್ಟ್ 19ರಂದು. ತಂದೆ ಅಲೆಕ್ಸಾಂಡರ್ ನ್ಯಾಸ್ಮಿತ್ ಹೆಸರಾಂತ ಚಿತ್ರಕಾರ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ ಭಾವಚಿತ್ರವನ್ನು ಬರೆದವನು ಅವನೇ. ಅಣ್ಣ ಪ್ಯಾಟ್ರಿಕ್ ಚಿತ್ರಕಾರ, ಅಕ್ಕಂದಿರು ಚಿತ್ರಕಾರರು. ಆದರೆ ತಂದೆಗೆ ಕುಂಚದ ಜೊತೆಗೆ ಸುತ್ತಿಗೆ, ಅರಗಳ ಮೇಲೂ ಪ್ರೀತಿ. ಮನೆಯಲ್ಲೇ ಒಂದು ಕಾರ್ಯಾಗಾರ ಇಟ್ಟುಕೊಂಡಿದ್ದ. ಮಗನಿಗೆ ಚಿತ್ರ ಬರೆಯುವ ಕೈ ಮತ್ತು ಯಂತ್ರ ಮಾಡುವ ಕೈ ಎರಡೂ ಆ ಮನೆಯಲ್ಲಿ ಸಿಕ್ಕವು.

ಶಾಲೆಯ ಪಾಠ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಒಬ್ಬ ಗೆಳೆಯನ ತಂದೆಗೆ ಕಬ್ಬಿಣದ ಎರಕದ ಕಾರ್ಖಾನೆಯಿತ್ತು. ಶನಿವಾರ ಮಧ್ಯಾಹ್ನ ಬಂತೆಂದರೆ ಜೇಮ್ಸ್ ಅಲ್ಲಿ ಹಾಜರ್. ಮರಳಿನಲ್ಲಿ ಅಚ್ಚು ಒತ್ತುವುದು, ಕಬ್ಬಿಣ ಕರಗಿಸುವುದು, ಎರಕ ಹೊಯ್ಯುವುದು, ಆರಿದ ಮೇಲೆ ಅರದಿಂದ ತೀಡುವುದು, ಇದನ್ನೆಲ್ಲ ಕೆಲಸಗಾರರ ಪಕ್ಕದಲ್ಲಿ ನಿಂತು ನೋಡಿ ಕಲಿತ. ಕೊಂಚ ದೊಡ್ಡವನಾದ ಮೇಲೆ ಮಾಡಿದ ಸಾಹಸ ಕೇಳಿ. ತಾನು ಮಲಗುವ ಕೋಣೆಯನ್ನೇ ಹಿತ್ತಾಳೆ ಎರಕದ ಮನೆ ಮಾಡಿಕೊಂಡ! ಕೆಳಗಿನ ಕೋಣೆಯಲ್ಲಿ ತಂದೆ ಮಲಗಿರುತ್ತಿದ್ದ. ಅವನಿಗೆ ಎಚ್ಚರವಾಗದಂತೆ ಸದ್ದಿಲ್ಲದೆ ಮರಳು ಒತ್ತಿ, ಬೆಂಕಿಗೂಡಿನಲ್ಲಿ ಹಿತ್ತಾಳೆ ಕರಗಿಸಿ, ರಾತ್ರಿಯೇ ಎರಕ ಹೊಯ್ಯುತ್ತಿದ್ದ. ಮನೆ ಸುಟ್ಟುಹೋಗದೆ ಉಳಿದದ್ದು ಅದೃಷ್ಟ. ಮುಂದೆ ಸಾವಿರಾರು ಕೆಲಸಗಾರರನ್ನು ಕರಗಿದ ಲೋಹದಿಂದ ಕಾಪಾಡಿದವನು ಚಿಕ್ಕಂದಿನಲ್ಲಿ ಹೀಗೆ ಆಡಿದ್ದ. ನೀವು ಮಾತ್ರ ಇದನ್ನು ಅನುಸರಿಸಬೇಡಿ.

ಅಲ್ಲಿ ಎರಕ ಹೊಯ್ದ ಭಾಗಗಳಿಂದ ಅವನು ಉಗಿಯಂತ್ರದ ಮಾದರಿಗಳನ್ನು ಮಾಡಿದ. 19ನೇ ವಯಸ್ಸಿಗೆ ರಸ್ತೆಯ ಮೇಲೆ ಓಡುವ ಉಗಿಗಾಡಿಯನ್ನೇ ಕಟ್ಟಿದ. ಅದು ಎಂಟು ಜನರನ್ನು ಕೂರಿಸಿಕೊಂಡು ಎಡಿನ್‌ಬರೊ ಹೊರವಲಯದಲ್ಲಿ ಓಡಿತು. ಮೋಟಾರು ಕಾರು ಬರುವುದಕ್ಕೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು.

ಮಾಡ್ಸ್ಲೇ ಎಂಬ ಗುರು

ಆ ಕಾಲದಲ್ಲಿ ಯಂತ್ರ ಕಟ್ಟುವವರ ನಡುವೆ ಒಂದು ಹೆಸರು ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದು ಲಂಡನ್ನಿನ ಹೆನ್ರಿ ಮಾಡ್ಸ್ಲೇ. 12ನೇ ವಯಸ್ಸಿಗೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ತೋಟಾ ತುಂಬುವ ಹುಡುಗನಾಗಿ ದುಡಿಮೆ ಆರಂಭಿಸಿ, ದೇಶದ ಅತ್ಯುತ್ತಮ ಯಂತ್ರಶಿಲ್ಪಿಯಾಗಿ ಬೆಳೆದವನು ಅವನು. 1829ರಲ್ಲಿ ಜೇಮ್ಸ್ ತಂದೆಯನ್ನು ಕರೆದುಕೊಂಡು ಅವನ ಬಳಿಗೆ ಹೋದ. ಮಾಡ್ಸ್ಲೇ ಶಿಷ್ಯರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟಿದ್ದ. ಹಣ ಕೊಟ್ಟು ಸೇರಿದ ಸಿರಿವಂತರ ಮಕ್ಕಳು ಕೆಲಸ ಕೆಡಿಸಿ ಅವನಿಗೆ ಸಾಕುಸಾಕು ಮಾಡಿದ್ದರು. ಆದರೂ ಬಂದವರಿಗೆ ಕಾರ್ಖಾನೆಯನ್ನು ತೋರಿಸಿದ. ಅಲ್ಲಿ ಒಬ್ಬ ಆಳು ಬಾಯ್ಲರಿನ ಬೂದಿ ತೆಗೆಯುತ್ತಿದ್ದ. ಅದನ್ನು ಕಂಡ ಜೇಮ್ಸ್, ಇಲ್ಲಿ ಬೂದಿ ಎತ್ತುವ ಕೆಲಸ ಸಿಕ್ಕರೂ ತನಗೆ ಸಂತೋಷವೇ ಎಂದು ಹೇಳಿಬಿಟ್ಟ. ಮಾಡ್ಸ್ಲೇ ಮನಸ್ಸು ಕರಗಿತು. ಹುಡುಗ ತಂದಿದ್ದ ಮಾದರಿಗಳನ್ನೂ ನಕ್ಷೆಗಳನ್ನೂ ನೋಡಿದ ಮೇಲಂತೂ ಅವನನ್ನು ತನ್ನ ಖಾಸಗಿ ಕಾರ್ಯಾಗಾರದಲ್ಲೇ ಸಹಾಯಕನನ್ನಾಗಿ ಇಟ್ಟುಕೊಂಡ.

ಸಂಬಳ ವಾರಕ್ಕೆ 10 ಷಿಲ್ಲಿಂಗ್. ಲಂಡನ್ನಿನಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ. ತಂದೆಯಿಂದ ಹಣ ತರಿಸಿಕೊಳ್ಳಲು ಜೇಮ್ಸ್‌ಗೆ ಇಷ್ಟವಿಲ್ಲ. ಆದ್ದರಿಂದ ಎಣ್ಣೆದೀಪದ ಶಾಖದಲ್ಲಿ ಬೇಯಿಸುವ ಒಂದು ಪುಟ್ಟ ಒಲೆಯನ್ನು ತಾನೇ ಯೋಚಿಸಿ ಮಾಡಿಸಿಕೊಂಡ. ಬೆಳಿಗ್ಗೆ ಪಾತ್ರೆಯಲ್ಲಿ ಮಾಂಸ, ತರಕಾರಿ ಹಾಕಿ ದೀಪ ಹಚ್ಚಿ ಹೋದರೆ ಸಂಜೆಗೆ ಊಟ ಸಿದ್ಧ.

ಮಾಡ್ಸ್ಲೇಯಿಂದ ಅವನು ಕಲಿತ ದೊಡ್ಡ ಪಾಠ ಯಾವುದು? ಅದನ್ನು ತಿಳಿಯಲು ಹಳೆಯ ಕಾಲದ ಲೇತನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಲೋಹದ ತುಂಡು ರಭಸದಿಂದ ತಿರುಗುತ್ತಿರುತ್ತದೆ. ಕೆಲಸಗಾರ ಉದ್ದ ಹಿಡಿಯ ಉಳಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಅದಕ್ಕೆ ಒತ್ತುತ್ತಾನೆ. ಕೈ ಕೊಂಚ ನಡುಗಿದರೂ ಕೆಲಸ ಹಾಳು. ಉಳಿಯ ತುದಿ ಲೋಹಕ್ಕೆ ಸಿಕ್ಕಿಕೊಂಡರೆ ಹಿಡಿ ಎಗರಿ ಅವನ ಕೈಗೋ ಮುಖಕ್ಕೋ ಬಡಿಯುತ್ತದೆ. ಮಾಡ್ಸ್ಲೇ ಬಳಸಿದ ಲೇತಿನಲ್ಲಿ ಉಳಿ ಕೈಯಲ್ಲಿ ಇರುತ್ತಿರಲಿಲ್ಲ. ಅದನ್ನು ಒಂದು ಕಬ್ಬಿಣದ ಪೀಠಕ್ಕೆ ಬಿಗಿಯಲಾಗುತ್ತಿತ್ತು. ಪೀಠ ನೇರವಾದ ಹಳಿಯ ಮೇಲೆ ಜಾರುತ್ತದೆ. ಅದನ್ನು ಸರಿಸುವುದು ಒಂದು ತಿರುಪು. ಕೆಲಸಗಾರ ಮಾಡಬೇಕಾದದ್ದು ಹಿಡಿಕೆಯನ್ನು ನಿಧಾನವಾಗಿ ತಿರುಗಿಸುವುದಷ್ಟೆ. ಈ ಜಾರುಪೀಠಕ್ಕೆ ಸ್ಲೈಡ್ ರೆಸ್ಟ್ ಎಂದು ಹೆಸರು. ಇಂಥ ಪ್ರಯತ್ನಗಳು ಮೊದಲೂ ನಡೆದಿದ್ದವು. ಅದನ್ನು ಚೊಕ್ಕಟಗೊಳಿಸಿ ಕಾರ್ಖಾನೆಯ ದಿನನಿತ್ಯದ ಬಳಕೆಗೆ ತಂದವನು ಮಾಡ್ಸ್ಲೇ.

ಇದರಿಂದ ಎರಡು ಲಾಭ. ಕೆಲಸ ಕರಾರುವಾಕ್ಕಾಯಿತು. ಜೊತೆಗೆ ಕೈ ಅಪಾಯದ ಜಾಗದಿಂದ ಹಿಂದೆ ಸರಿಯಿತು. ನ್ಯಾಸ್ಮಿತ್ ಮುಂದೆ ಏನೇ ಕಟ್ಟಿದರೂ ಈ ಉಪಾಯವನ್ನೇ ಬೇರೆ ಬೇರೆ ರೂಪದಲ್ಲಿ ಬಳಸಿದ್ದನ್ನು ನೀವು ಗಮನಿಸುತ್ತೀರಿ.

ನಟ್ಟಿಗೆ ಆರು ಮುಖ

ಮಾಡ್ಸ್ಲೇ ಒಂದು ಹಡಗಿನ ಎಂಜಿನ್ನಿನ ಸೊಗಸಾದ ಪುಟ್ಟ ಮಾದರಿ ಮಾಡಿಸುತ್ತಿದ್ದ. ಅದಕ್ಕೆ ಚಿಕ್ಕ ಚಿಕ್ಕ ನಟ್ಟುಗಳು ರಾಶಿಗಟ್ಟಲೆ ಬೇಕಾಗಿದ್ದವು. ನಟ್ಟಿಗೆ ಆರು ಮುಖಗಳಿರುತ್ತವೆ, ಅಲ್ಲವೇ? ಆರೂ ಒಂದೇ ಅಳತೆಯಲ್ಲಿರಬೇಕು. ಅದನ್ನು ಅರದಿಂದ ಕೈಯಲ್ಲೇ ತೀಡಬೇಕಿತ್ತು. ನುರಿತ ಕೆಲಸಗಾರನಿಗೂ ಬೇಸರ ತರಿಸುವ ಕೆಲಸ.

ನ್ಯಾಸ್ಮಿತ್ ಒಂದು ಉಪಾಯ ಹೂಡಿದ. ಅಂಚಿನ ಸುತ್ತಲೂ ಹಲ್ಲುಗಳಿರುವ ಉಕ್ಕಿನ ಒಂದು ಗಾಲಿ ಮಾಡಿದ. ಅದೊಂದು ದುಂಡನೆಯ ಅರ ಎನ್ನಿ. ಅದನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿದ. ನಟ್ಟನ್ನು ಜಾರುಪೀಠದ ಮೇಲೆ ಬಿಗಿದು ಮೆಲ್ಲನೆ ಗಾಲಿಯ ಬಳಿಗೆ ಸರಿಸಿದ. ಒಂದು ಮುಖ ಸಮತಟ್ಟಾಯಿತು. ನಟ್ಟು ಹಿಡಿದ ಭಾಗಕ್ಕೆ ಆರು ಗುರುತುಗಳಿದ್ದ ಒಂದು ತಟ್ಟೆ ಜೋಡಿಸಿದ್ದ. ಒಂದು ಗುರುತು ಮುಂದೆ ತಿರುಗಿಸಿದರೆ ಎರಡನೆಯ ಮುಖ, ಇನ್ನೊಂದು ಗುರುತಿಗೆ ಮೂರನೆಯ ಮುಖ. ಆರು ಸಲಕ್ಕೆ ಅಚ್ಚುಕಟ್ಟಾದ ನಟ್ಟು. ಒಂದು ಸುತ್ತಿಗೆ 360 ಡಿಗ್ರಿ. ಹಾಗಾದರೆ ಪ್ರತಿ ಸಲ ಎಷ್ಟು ಡಿಗ್ರಿ ತಿರುಗಿಸಬೇಕು? ಲೆಕ್ಕ ಹಾಕಿ. ಮಾಡ್ಸ್ಲೇಗೆ ಬಹಳ ಸಂತೋಷವಾಯಿತು.

ಹಲ್ಲಿನ ಗಾಲಿ ತಿರುಗುತ್ತ, ಬಿಗಿದಿಟ್ಟ ತುಂಡನ್ನು ಸವೆಸಿ ರೂಪ ಕೊಡುವ ಇಂಥ ಕೆಲಸಕ್ಕೆ ಮಿಲ್ಲಿಂಗ್ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಹಿಡಿ ತಿರುಗಿಸಿ ತೆಂಗಿನಕಾಯಿ ತುರಿಯುವ ಯಂತ್ರ ಇರುತ್ತದೆ. ಹಲ್ಲುಗಳ ಬಿಲ್ಲೆ ತಿರುಗುತ್ತದೆ, ಕಾಯಿಯ ಹೋಳನ್ನು ಅದಕ್ಕೆ ಒತ್ತಿ ಹಿಡಿಯುತ್ತೇವೆ. ಅದೂ ಒಂದು ಬಗೆಯ ಮಿಲ್ಲಿಂಗೇ. ಆದರೆ ಹೋಳನ್ನು ಹಿಡಿದಿರುವುದು ನಮ್ಮ ಬೆರಳು. ಕಾಯಿ ಮುಗಿಯುತ್ತ ಬಂದಾಗ ಅಮ್ಮ ಎಷ್ಟು ಎಚ್ಚರ ವಹಿಸುತ್ತಾರೆ ನೋಡಿ. ನ್ಯಾಸ್ಮಿತ್‌ನ ಯಂತ್ರದಲ್ಲಿ ಬೆರಳಿನ ಆ ಕೆಲಸವನ್ನು ಜಾರುಪೀಠ ವಹಿಸಿಕೊಂಡಿತು.

ಇಂದಿನ ಕಾರ್ಯಾಗಾರದಲ್ಲಿ

ಇನ್ನು ನಾಲ್ಕಾರು ವರ್ಷಗಳಲ್ಲಿ ನಿಮ್ಮಲ್ಲಿ ಕೆಲವರು ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ ಸೇರಬಹುದು. ಅಲ್ಲಿ ಮಿಲ್ಲಿಂಗ್ ಯಂತ್ರ, ಡ್ರಿಲ್ಲಿಂಗ್ ಯಂತ್ರಗಳು ಇರುತ್ತವೆ. ಸಣ್ಣ ವರ್ಕ್‌ಶಾಪುಗಳಲ್ಲಿ ಎರಡೂ ಕೆಲಸ ಮಾಡುವ ಒಂದೇ ಯಂತ್ರವೂ ಇರುವುದುಂಟು. ನಡುವಿನ ದಂಡಕ್ಕೆ ಡ್ರಿಲ್ ಸಿಕ್ಕಿಸಿ ಕೆಳಗೆ ಇಳಿಸಿದರೆ ತೂತು ಬೀಳುತ್ತದೆ. ಅದೇ ದಂಡಕ್ಕೆ ಹಲ್ಲಿನ ಕಟರ್ ಸಿಕ್ಕಿಸಿ, ಕೆಳಗಿನ ಮೇಜನ್ನು ಅತ್ತಿತ್ತ ಸರಿಸಿದರೆ ಮಿಲ್ಲಿಂಗ್ ಆಗುತ್ತದೆ. ಜಾರುಪೀಠ ಈಗ ಮೇಜಾಗಿದೆ, ಅಷ್ಟೆ.

ಈ ಯಂತ್ರದ ಮುಂದೆ ನಿಂತವರು ಕೆಲವು ಕಟ್ಟಳೆಗಳನ್ನು ತಪ್ಪದೆ ಪಾಲಿಸುತ್ತಾರೆ. ಮೊದಲನೆಯದು ಉಡುಪಿನದು. ಜೋತಾಡುವ ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಜಡೆ, ಕೊರಳಿನ ಗುರುತುಚೀಟಿಯ ದಾರ, ಬಳೆ, ಉಂಗುರ ಯಾವುದೂ ಇರಬಾರದು. ಇದೇನು ಸುಮ್ಮನೆ ಶಿಸ್ತು ಎಂದುಕೊಳ್ಳಬೇಡಿ. ಒಂದು ಲೆಕ್ಕ ಮಾಡೋಣ. ಡ್ರಿಲ್ ಹಿಡಿಯುವ ಚಕ್ಕಿನ ಅಡ್ಡಳತೆ 5 ಸೆಂಟಿಮೀಟರ್ ಎನ್ನಿ. ಅದರ ಸುತ್ತಳತೆ ಸುಮಾರು 15.7 ಸೆಂಟಿಮೀಟರ್. ಅದು ನಿಮಿಷಕ್ಕೆ 600 ಸುತ್ತು ತಿರುಗಿದರೆ ಸೆಕೆಂಡಿಗೆ 10 ಸುತ್ತು. ಏನೋ ಅಪಾಯವಾಯಿತು ಎಂದು ಕಣ್ಣು ಕಂಡು, ಮಿದುಳು ತಿಳಿದು, ಕೈ ಕದಲಲು ಸುಮಾರು ಸೆಕೆಂಡಿನ ಐದರಲ್ಲಿ ಒಂದು ಭಾಗ ಬೇಕು. ಅಷ್ಟರಲ್ಲಿ ಚಕ್ ಎರಡು ಸುತ್ತು ತಿರುಗಿ 31 ಸೆಂಟಿಮೀಟರ್, ಅಂದರೆ ಒಂದು ಅಡಿ ಬಟ್ಟೆಯನ್ನು ತನಗೆ ಸುತ್ತಿಕೊಂಡಿರುತ್ತದೆ. ನಾವು ಕೈ ಎಳೆದುಕೊಳ್ಳುವ ಮೊದಲೇ ಆಟ ಮುಗಿದಿರುತ್ತದೆ. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಬಾರದು ಎನ್ನುವುದೂ ಇದಕ್ಕಾಗಿಯೇ. ಕೈಗವಸು ರಕ್ಷಣೆ ಕೊಡುತ್ತದೆ ಎಂದು ನಮಗೆ ಅನಿಸುತ್ತದೆ. ಇಲ್ಲಿ ಅದರ ತುದಿ ಸಿಕ್ಕಿಕೊಂಡರೆ ಇಡೀ ಕೈಯನ್ನೇ ಒಳಗೆ ಎಳೆಯುತ್ತದೆ. ಹರಿತವಾದ ಕಟರನ್ನು ಜೋಡಿಸುವಾಗ, ಬಿಚ್ಚುವಾಗ ಅಂಗೈಗೆ ದಪ್ಪ ಬಟ್ಟೆಯ ಆಸರೆ ಬೇಕು. ಆದರೆ ಆಗ ಯಂತ್ರದ ವಿದ್ಯುತ್ತು ಕಡಿದಿರಬೇಕು.

ತೂತು ಕೊರೆಯುವಾಗ ತಗಡನ್ನು ಕೈಯಲ್ಲಿ ಹಿಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಡ್ರಿಲ್ ಒಳಗೆ ಇಳಿಯುತ್ತಿರುವವರೆಗೆ ಎಲ್ಲ ಸುಸೂತ್ರವಾಗಿಯೇ ಕಾಣುತ್ತದೆ. ತುದಿ ಇನ್ನೇನು ಕೆಳಗಿನಿಂದ ಹೊರಬರುತ್ತದೆ ಎನ್ನುವಾಗ ಅದರ ಅಂಚು ತಗಡನ್ನು ಗಕ್ಕನೆ ಕಚ್ಚುತ್ತದೆ. ಮರುಕ್ಷಣ ತಗಡು ಫ್ಯಾನಿನ ರೆಕ್ಕೆಯಂತೆ ತಿರುಗಿ ಹಿಡಿದವರ ಬೆರಳನ್ನು ಸೀಳುತ್ತದೆ. ಆದ್ದರಿಂದ ತಗಡನ್ನು ವೈಸಿನಲ್ಲಿ ಕಚ್ಚಿಸಿ, ವೈಸನ್ನು ಮೇಜಿಗೆ ಬೋಲ್ಟಿನಿಂದ ಬಿಗಿಯುತ್ತಾರೆ. ತೂತು ಮುಗಿಯುವ ಹೊತ್ತಿಗೆ ಒತ್ತಡವನ್ನು ಕಡಿಮೆ ಮಾಡುತ್ತಾರೆ. ಚಕ್ಕನ್ನು ಬಿಗಿಯುವ ಕೀಲಿಯನ್ನು ಅಲ್ಲೇ ಮರೆತು ಯಂತ್ರ ಚಾಲೂ ಮಾಡಿದರೆ ಅದು ಕವಣೆಕಲ್ಲಿನಂತೆ ಹಾರುತ್ತದೆ. ಬಿಗಿದ ಕೈ ಕೀಲಿಯನ್ನು ತೆಗೆದೇ ಮೇಜಿನಿಂದ ಹಿಂದೆ ಬರಬೇಕು.

ಮಿಲ್ಲಿಂಗಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಟರಿನ ಹಲ್ಲುಗಳು ತಿರುಗುವ ದಿಕ್ಕಿಗೆ ಎದುರಾಗಿ ತುಂಡನ್ನು ಸರಿಸಿದರೆ ಹಲ್ಲು ಅದನ್ನು ಹಿಂದಕ್ಕೆ ತಳ್ಳುತ್ತದೆ. ಸರಿಸುವವರ ಹತೋಟಿ ತಪ್ಪುವುದಿಲ್ಲ. ಅದೇ ದಿಕ್ಕಿನಲ್ಲಿ ಸರಿಸಿದರೆ ಹಲ್ಲುಗಳು ತುಂಡನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಮೇಜಿನ ತಿರುಪು ಸಡಿಲವಾಗಿರುವ ಹಳೆಯ ಯಂತ್ರವಾದರೆ ತುಂಡು ಒಮ್ಮೆಲೇ ಮುನ್ನುಗ್ಗಿ ಕಟರ್ ಒಡೆದು ಚೂರುಗಳು ಸಿಡಿಯಬಹುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಏಕೆ ಬೇಕೆಂದು ಈಗ ತಿಳಿಯಿತಲ್ಲ? ಲೋಹದ ಸುರುಳಿಗಳು ಬ್ಲೇಡಿನಷ್ಟು ಹರಿತ, ಕೆಂಡದಷ್ಟಲ್ಲದಿದ್ದರೂ ಕೈ ಸುಡುವಷ್ಟು ಬಿಸಿ. ಅವನ್ನು ಕೈಯಿಂದ ಒರೆಸಬಾರದು, ಬಾಯಿಂದ ಊದಬಾರದು. ಯಂತ್ರ ಪೂರ್ತಿ ನಿಂತ ಮೇಲೆ ಬ್ರಷ್ಷಿನಿಂದ ಗುಡಿಸಬೇಕು. ಅಳತೆ ನೋಡುವುದೂ ನಿಂತ ಮೇಲೆಯೇ. ಯಂತ್ರದ ಮುಂದೆ ಕೈಗೆಟಕುವಂತೆ ಅಣಬೆಯ ಆಕಾರದ ಒಂದು ಕೆಂಪು ಗುಂಡಿ ಇರುತ್ತದೆ. ಒತ್ತಿದರೆ ಯಂತ್ರ ನಿಲ್ಲುತ್ತದೆ. ಅದು ಎಲ್ಲಿದೆ ಎಂದು ನೋಡಿಕೊಂಡ ಮೇಲೆಯೇ ಚಾಲೂ ಮಾಡುವ ಗುಂಡಿಯನ್ನು ಮುಟ್ಟಬೇಕು. ಮೇಷ್ಟ್ರು ಪಕ್ಕದಲ್ಲಿಲ್ಲದಿದ್ದರೆ ಎರಡನ್ನೂ ಮುಟ್ಟುವಂತಿಲ್ಲ.

ನ್ಯಾಸ್ಮಿತ್‌ನ ಕಾಲದಲ್ಲಿ ಈ ಕೆಂಪು ಗುಂಡಿ ಎಲ್ಲಿಂದ ಬರಬೇಕು? ಕಾರ್ಖಾನೆಗೆಲ್ಲ ಒಂದೇ ಉಗಿಯಂತ್ರ. ಅದು ಛಾವಣಿಯ ಕೆಳಗಿನ ಉದ್ದನೆಯ ದಂಡವನ್ನು ತಿರುಗಿಸುತ್ತಿತ್ತು. ಅಲ್ಲಿಂದ ಚರ್ಮದ ಪಟ್ಟಿಗಳು ಒಂದೊಂದು ಯಂತ್ರಕ್ಕೂ ಇಳಿದು ಬರುತ್ತಿದ್ದವು. ಪಟ್ಟಿಗೆ ಬಟ್ಟೆ ಸಿಕ್ಕಿ ಸತ್ತವರು, ಕೈ ಕಳೆದುಕೊಂಡವರು ಬಹಳ. ಬ್ರಿಟನ್ನಿನ ಬಟ್ಟೆ ಗಿರಣಿಗಳಲ್ಲಿ ಇಂಥ ಭಾಗಗಳಿಗೆ ಬೇಲಿ ಹಾಕಲೇಬೇಕೆಂಬ ಕಾನೂನು ಬಂದದ್ದು 1844ರಲ್ಲಿ.

ಮಾಡ್ಸ್ಲೇಯ ಬಳಿ ಇದ್ದಾಗಲೇ ನ್ಯಾಸ್ಮಿತ್ ಇನ್ನೊಂದು ಸೊಗಸಾದ ಸಾಧನ ಮಾಡಿದ. ಯಂತ್ರದ ಮೂಲೆಮುಡುಕಿನಲ್ಲಿ ತೂತು ಕೊರೆಯಬೇಕಾದರೆ ನೇರವಾದ ದಂಡ ಅಲ್ಲಿಗೆ ಹೋಗದು. ಅದಕ್ಕೆ ಅವನು ಉಕ್ಕಿನ ತಂತಿಯನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ, ಹೇಗೆ ಬೇಕಾದರೂ ಬಾಗುವ ದಂಡ ಮಾಡಿದ. ಒಂದು ತುದಿ ತಿರುಗಿಸಿದರೆ ಇನ್ನೊಂದು ತುದಿಯ ಡ್ರಿಲ್ ತಿರುಗುತ್ತದೆ. ಎಷ್ಟೋ ವರ್ಷಗಳ ನಂತರ ಹಲ್ಲಿನ ವೈದ್ಯರೊಬ್ಬರಲ್ಲಿ ಇಂಥದೇ ಡ್ರಿಲ್ ಕಂಡ. ಅದು ಅಮೆರಿಕದ ಹೊಸ ಆವಿಷ್ಕಾರ ಎಂದು ವೈದ್ಯ ವಿವರಿಸಿದ. ತನ್ನ ಯೌವನದ ಉಪಾಯ ಇದೀಗ ತನ್ನ ಬಾಯಿಯ ಬಳಿಗೇ ಬಂದದ್ದು ಕಂಡು ನ್ಯಾಸ್ಮಿತ್‌ಗೆ ಹೇಗನಿಸಿರಬೇಡ!

ಕರಗಿದ ಕಬ್ಬಿಣದ ಸೌಟು

1831ರಲ್ಲಿ ಮಾಡ್ಸ್ಲೇ ತೀರಿಕೊಂಡ. ನ್ಯಾಸ್ಮಿತ್ ಊರಿಗೆ ಮರಳಿ, ತನಗೆ ಬೇಕಾದ ಯಂತ್ರಗಳನ್ನು ತಾನೇ ಕಟ್ಟಿಕೊಂಡು, 1834ರಲ್ಲಿ ಮ್ಯಾಂಚೆಸ್ಟರಿನ ಹಳೆಯ ಹತ್ತಿ ಗಿರಣಿಯೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದ. ಕೆಳಗೆ ಗಾಜು ಕೊರೆಯುವವನೊಬ್ಬನ ಅಂಗಡಿ. ಒಂದು ದಿನ ಉಗಿಯಂತ್ರದ ಭಾರಿ ತೊಲೆಯ ತುದಿ ನೆಲ ಮುರಿದುಕೊಂಡು ಗಾಜಿನ ನಡುವೆಯೇ ನುಗ್ಗಿತು. ಇನ್ನು ಮಹಡಿಯ ಸಹವಾಸ ಸಾಕೆಂದು ಅವನು 1836ರಲ್ಲಿ ಹತ್ತಿರದ ಪ್ಯಾಟ್ರಿಕ್ರಾಫ್ಟ್ ಎಂಬಲ್ಲಿ, ಕಾಲುವೆಯೂ ರೈಲುದಾರಿಯೂ ಕೂಡುವ ಜಾಗದಲ್ಲಿ, ಸ್ವಂತ ಕಾರ್ಖಾನೆ ಕಟ್ಟಿಸಿದ. ಅದಕ್ಕೆ ಬ್ರಿಜ್‌ವಾಟರ್ ಫೌಂಡ್ರಿ ಎಂದು ಹೆಸರು.

ಎರಕದ ಮನೆಯಲ್ಲಿ ಕರಗಿದ ಕಬ್ಬಿಣವನ್ನು ದೊಡ್ಡ ಕೊಪ್ಪರಿಗೆಯಂಥ ಸೌಟಿನಲ್ಲಿ ತುಂಬಿ, ಕ್ರೇನಿನಿಂದ ಎತ್ತಿ, ಅಚ್ಚಿನ ಮೇಲೆ ತಂದು ಬಗ್ಗಿಸಬೇಕು. ಅದರಲ್ಲಿ ಹಲವು ಟನ್ ಕಬ್ಬಿಣ, ಬಿಸಿ 1,200 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಬಗ್ಗಿಸಲು ಹತ್ತು ಹನ್ನೆರಡು ಜನ ಉದ್ದ ಸನ್ನೆಕೋಲುಗಳನ್ನು ಹಿಡಿದು ಒಟ್ಟಿಗೆ ತಿರುಗಿಸುತ್ತಿದ್ದರು. ಒಬ್ಬನ ಕಾಲು ಜಾರಿದರೆ, ಒಬ್ಬ ಕ್ಷಣ ಮುಂಚೆ ತಿರುಗಿಸಿದರೆ, ಲೋಹ ತುಳುಕಿ ಎಲ್ಲರ ಮೇಲೆ ಚೆಲ್ಲುತ್ತಿತ್ತು. ಒದ್ದೆ ನೆಲಕ್ಕೆ ಬಿದ್ದರೆ ನೀರು ತಟ್ಟನೆ ಆವಿಯಾಗಿ ಕಬ್ಬಿಣದ ಹನಿಗಳು ಬಾಂಬಿನಂತೆ ಸಿಡಿಯುತ್ತಿದ್ದವು. ಸುಟ್ಟು ಸತ್ತವರು, ಜೀವನವಿಡೀ ಅಂಗವಿಕಲರಾದವರು ಎಷ್ಟೋ ಮಂದಿ. ಎಚ್ಚರ ತಪ್ಪಿದರು, ಏನು ಮಾಡುವುದು ಎಂದು ಮಾಲೀಕರು ಸುಮ್ಮನಾಗುತ್ತಿದ್ದರು.

ನ್ಯಾಸ್ಮಿತ್ ಬೇರೆಯಾಗಿ ಯೋಚಿಸಿದ. ಹನ್ನೆರಡು ಜನ ಒಂದೇ ಮನಸ್ಸಿನಿಂದ ತಿರುಗಿಸಬೇಕಾದ ವ್ಯವಸ್ಥೆಯಲ್ಲೇ ತಪ್ಪಿದೆ, ಜನರಲ್ಲಿ ಅಲ್ಲ. 1838ರಲ್ಲಿ ಅವನು ಸೌಟಿನ ಅಚ್ಚಿಗೆ ಒಂದು ಹಲ್ಲುಗಾಲಿಯನ್ನು ಕೂಡಿಸಿ, ಅದಕ್ಕೆ ತಾಗುವಂತೆ ಒಂದು ತಿರುಪನ್ನು ಜೋಡಿಸಿದ. ತಿರುಪಿನ ಹಿಡಿಯನ್ನು ದೂರದಲ್ಲಿ ನಿಂತ ಒಬ್ಬನೇ ತಿರುಗಿಸಬಹುದು. ಒಂದು ಸುತ್ತು ತಿರುಗಿಸಿದರೆ ಹಲ್ಲುಗಾಲಿ ಒಂದು ಹಲ್ಲಿನಷ್ಟೇ ಸರಿಯುತ್ತದೆ. ಆದ್ದರಿಂದ ಸೌಟು ಇಷ್ಟಿಷ್ಟೇ ಬಾಗುತ್ತದೆ, ಕಬ್ಬಿಣ ಎಣ್ಣೆಯ ಧಾರೆಯಂತೆ ಇಳಿಯುತ್ತದೆ. ಇದರಲ್ಲಿ ಇನ್ನೂ ಒಂದು ಗುಣವಿದೆ. ತಿರುಪು ಗಾಲಿಯನ್ನು ತಿರುಗಿಸಬಲ್ಲದು, ಗಾಲಿ ತಿರುಪನ್ನು ತಿರುಗಿಸಲಾರದು. ಲಾರಿ ಎತ್ತುವ ತಿರುಪಿನ ಜಾಕನ್ನು ನೋಡಿದ್ದೀರಾ? ಹಿಡಿ ಬಿಟ್ಟರೂ ಲಾರಿ ಕೆಳಗಿಳಿಯುವುದಿಲ್ಲ. ಹಾಗೆಯೇ ಕೆಲಸಗಾರ ಗಾಬರಿಯಾಗಿ ಹಿಡಿ ಬಿಟ್ಟು ಓಡಿದರೂ ಸೌಟು ಇದ್ದ ಹಾಗೇ ನಿಲ್ಲುತ್ತದೆ.

ಈ ಸೌಟಿಗೆ ಅವನು ಪೇಟೆಂಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ಬಳಸಿದವರೆಲ್ಲ ಅವನಿಗೆ ಹಣ ಕೊಡಬೇಕಿತ್ತು. ಅದರ ಬದಲು ನಕ್ಷೆ, ವಿವರಣೆಗಳನ್ನು ದೇಶ ವಿದೇಶಗಳ ಮುಖ್ಯ ಎರಕದ ಕಾರ್ಖಾನೆಗಳಿಗೆ ತಾನೇ ಕಳುಹಿಸಿದ. ಸ್ಕಾಟ್ಲೆಂಡಿನ ಕಲಾ ಸಂಘ ಅವನಿಗೆ ದೊಡ್ಡ ಬೆಳ್ಳಿ ಪದಕ ನೀಡಿತು. ಅವನ ಎಲ್ಲ ಆವಿಷ್ಕಾರಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು. ಆದರೆ ಹೆಸರು ತಂದದ್ದು ಬೇರೊಂದು.

ಮೊಟ್ಟೆ ಒಡೆಯುವ ಸುತ್ತಿಗೆ

1839ರಲ್ಲಿ ಗ್ರೇಟ್ ಬ್ರಿಟನ್ ಎಂಬ ಭಾರಿ ಹಡಗು ಕಟ್ಟುತ್ತಿದ್ದವರಿಗೆ 30 ಅಂಗುಲ ದಪ್ಪದ ಕಬ್ಬಿಣದ ದಂಡ ಬೇಕಾಯಿತು. ಅಂಥದನ್ನು ಬಡಿದು ರೂಪಿಸುವ ಸುತ್ತಿಗೆ ಎಲ್ಲಿಯೂ ಇರಲಿಲ್ಲ. ಆಗಿನ ಯಂತ್ರದ ಸುತ್ತಿಗೆಗಳು ಸ್ವಲ್ಪವೇ ಮೇಲೇಳುತ್ತಿದ್ದವು. ದಪ್ಪ ಕಬ್ಬಿಣ ಇಟ್ಟರೆ ಏಳಲು ಜಾಗವೇ ಇಲ್ಲ. ದೊಡ್ಡ ಕೆಲಸಕ್ಕೆ ಪೆಟ್ಟು ಸಣ್ಣದು! ನವೆಂಬರ್ 24ರಂದು ನ್ಯಾಸ್ಮಿತ್ ತನ್ನ ಪುಸ್ತಕದಲ್ಲಿ ಉಗಿಸುತ್ತಿಗೆಯ ಚಿತ್ರ ಬರೆದ. ಮೇಲೆ ಉಗಿಯ ಕೊಳವೆ, ಒಳಗೆ ಕೊಂತ, ಕೊಂತದ ತುದಿಗೆ ನೇತಾಡುವ ಕಬ್ಬಿಣದ ದಿಮ್ಮಿ. ಉಗಿ ಬಿಟ್ಟರೆ ದಿಮ್ಮಿ ಏಳುತ್ತದೆ, ಉಗಿ ತೆಗೆದರೆ ಬೀಳುತ್ತದೆ.

ಹಡಗಿನವರು ಮನಸ್ಸು ಬದಲಿಸಿ, ಪಕ್ಕದ ಗಾಲಿಗಳ ಬದಲು ಹಿಂದೆ ತಿರುಗುವ ಪ್ರೊಪೆಲರ್ ಹಾಕಿಸಿದರು. ದಂಡ ಬೇಡವಾಯಿತು, ಸುತ್ತಿಗೆ ಪುಸ್ತಕದಲ್ಲೇ ಉಳಿಯಿತು. 1842ರಲ್ಲಿ ಫ್ರಾನ್ಸಿನ ಲೆ ಕ್ರೂಸೊ ಕಾರ್ಖಾನೆಗೆ ಹೋದಾಗ ನ್ಯಾಸ್ಮಿತ್ ಬೆರಗಾದ. ಅಲ್ಲಿ ಉಗಿಸುತ್ತಿಗೆ ಕೆಲಸ ಮಾಡುತ್ತಿತ್ತು! ಆ ಕಾರ್ಖಾನೆಯವರು ಹಿಂದೊಮ್ಮೆ ಪ್ಯಾಟ್ರಿಕ್ರಾಫ್ಟಿಗೆ ಬಂದಿದ್ದಾಗ ಅವನ ಪುಸ್ತಕವನ್ನು ನೋಡಿದ್ದರು. ಯಾರು ಮೊದಲು ಎಂಬ ಚರ್ಚೆ ಮುಂದೆ ಬಹಳ ಕಾಲ ನಡೆಯಿತು. ಅವನು ಆ ವರ್ಷವೇ ಪೇಟೆಂಟ್ ಪಡೆದ. ಸುತ್ತಿಗೆಯ ಹತೋಟಿಯನ್ನು ನಾಜೂಕುಗೊಳಿಸಿದ್ದರಲ್ಲಿ ಅವನ ಕಾರ್ಖಾನೆಯ ರಾಬರ್ಟ್ ವಿಲ್ಸನ್‌ನ ಪಾಲೂ ದೊಡ್ಡದು. ನೋಡಲು ಬಂದವರಿಗೆ ಒಂದು ಆಟ ತೋರಿಸುತ್ತಿದ್ದರು. ಗಾಜಿನ ಲೋಟದಲ್ಲಿ ಮೊಟ್ಟೆ ಇಟ್ಟು, ಟನ್ನುಗಟ್ಟಲೆ ತೂಕದ ಸುತ್ತಿಗೆಯಿಂದ ಮೊಟ್ಟೆಯ ಚಿಪ್ಪನ್ನು ಮಾತ್ರ ಬಿರುಕುಗೊಳಿಸುತ್ತಿದ್ದರು. ಲೋಟಕ್ಕೆ ಏನೂ ಆಗುತ್ತಿರಲಿಲ್ಲ. ಮುಂದಿನ ಪೆಟ್ಟಿಗೆ ಇಡೀ ಕಟ್ಟಡ ನಡುಗುತ್ತಿತ್ತು.

ಇದೇ ಉಪಾಯದಿಂದ ನೀರಿನಲ್ಲಿ ಮರದ ಕಂಬ ಹೂಳುವ ಯಂತ್ರವನ್ನೂ ಮಾಡಿದ. ಡೆವನ್‌ಪೋರ್ಟ್ ಬಂದರಿನಲ್ಲಿ ಹಳೆಯ ವಿಧಾನಕ್ಕೆ 12 ಗಂಟೆಗೂ ಮೀರಿ ಹಿಡಿದ ಕಂಬವನ್ನು ಅದು ನಾಲ್ಕೂವರೆ ನಿಮಿಷದಲ್ಲಿ ಇಳಿಸಿತು.

ಅವನ ಬಗ್ಗೆ ಎಲ್ಲವೂ ಹೊಗಳಿಕೆಯ ಮಾತೇ ಅಲ್ಲ. ಸೌಟನ್ನು ಉಚಿತವಾಗಿ ಹಂಚಿದ ಅವನೇ ಕೆಲಸಗಾರರ ಸಂಘವನ್ನು ಒಪ್ಪುತ್ತಿರಲಿಲ್ಲ. ಮುಷ್ಕರ ಹೂಡಿದಾಗ ಸ್ಕಾಟ್ಲೆಂಡಿನಿಂದ ಬೇರೆಯವರನ್ನು ಕರೆತಂದ. ತಾನೇ ನಡೆಯುವ ಯಂತ್ರಗಳನ್ನು ಹೆಚ್ಚಿಸಿ ನುರಿತ ಕೆಲಸಗಾರರನ್ನು ಕಡಿಮೆ ಮಾಡಿದ. ಕೈಯನ್ನು ಅಪಾಯದಿಂದ ದೂರವಿಟ್ಟ ಯಂತ್ರವೇ ಕೆಲವು ಕೈಗಳಿಗೆ ಕೆಲಸವನ್ನೂ ತಪ್ಪಿಸಿತು.

ಚಂದ್ರನ ಕಡೆಗೆ

ಪ್ಯಾಟ್ರಿಕ್ರಾಫ್ಟಿನಲ್ಲಿದ್ದಾಗಲೇ ಅವನಿಗೆ ಆಕಾಶದ ಹುಚ್ಚು ಹತ್ತಿತ್ತು. ದೂರದರ್ಶಕದ ಲೋಹದ ಕನ್ನಡಿಯನ್ನು ತಾನೇ ಎರಕ ಹೊಯ್ದು ತಿಕ್ಕಿ ಹೊಳಪು ಮಾಡಿದ. ರಾತ್ರಿ ಬಿಳಿ ನಿಲುವಂಗಿಯಲ್ಲಿ ದೂರದರ್ಶಕದ ಕೊಳವೆಯನ್ನು ಹೊತ್ತು ಅಂಗಳದಲ್ಲಿ ಓಡಾಡುತ್ತಿದ್ದವನನ್ನು ಕಾಲುವೆಯ ದೋಣಿಯವನೊಬ್ಬ ಕಂಡು, ಶವಪೆಟ್ಟಿಗೆ ಹೊತ್ತ ದೆವ್ವವೆಂದು ಊರೆಲ್ಲ ಸುದ್ದಿ ಹಬ್ಬಿಸಿದನಂತೆ. 1856ರ ಕೊನೆಗೆ, 48ನೇ ವಯಸ್ಸಿನಲ್ಲೇ, ನ್ಯಾಸ್ಮಿತ್ ಕಾರ್ಖಾನೆಯಿಂದ ನಿವೃತ್ತನಾಗಿ ಕೆಂಟ್ ಪ್ರಾಂತ್ಯದ ಪೆನ್‌ಷರ್ಸ್ಟ್‌ನಲ್ಲಿ ಮನೆ ಕೊಂಡ. ಮನೆಗೆ ಇಟ್ಟ ಹೆಸರು ಹ್ಯಾಮರ್‌ಫೀಲ್ಡ್, ಅಂದರೆ ಸುತ್ತಿಗೆಯ ಬಯಲು!

ಚಂದ್ರನ ಗುಳಿಗಳನ್ನು ನೋಡಿ ನೋಡಿ ಚಿತ್ರ ಬರೆದ. ತಂದೆಯಿಂದ ಬಂದ ವಿದ್ಯೆ ಇಲ್ಲಿ ನೆರವಾಯಿತು. ಪ್ಲಾಸ್ಟರಿನಲ್ಲಿ ಗುಳಿ, ಬೆಟ್ಟಗಳ ಮಾದರಿ ಮಾಡಿ, ಓರೆಯಾಗಿ ಬಿಸಿಲು ಬೀಳುವಂತೆ ಇಟ್ಟು ಫೋಟೊ ತೆಗೆದ. ಜೇಮ್ಸ್ ಕಾರ್ಪೆಂಟರ್ ಎಂಬಾತನ ಜೊತೆ 1874ರಲ್ಲಿ ಚಂದ್ರನ ಬಗ್ಗೆ ಪುಸ್ತಕ ಹೊರತಂದ. ಅದರಲ್ಲಿ ಸುಕ್ಕುಗಟ್ಟಿದ ಸೇಬು ಮತ್ತು ಮುದುಕರ ಕೈಯ ಫೋಟೊಗಳಿವೆ. ಚಂದ್ರನ ಮೈ ಹೀಗೆಯೇ ಮುದುಡಿ ಬೆಟ್ಟಗಳಾದವು, ಜ್ವಾಲಾಮುಖಿಗಳಿಂದ ಗುಳಿಗಳಾದವು ಎಂದು ಅವನು ನಂಬಿದ್ದ. ಅದು ತಪ್ಪು. ಹೆಚ್ಚಿನ ಗುಳಿಗಳು ಆಕಾಶದ ಬಂಡೆಗಳು ಬಡಿದು ಆದವು ಎಂದು ಈಗ ನಮಗೆ ಗೊತ್ತಿದೆ.

ದೊಡ್ಡ ದೂರದರ್ಶಕದ ವಿಷಯದಲ್ಲೂ ಅವನ ಹಳೆಯ ಬುದ್ಧಿ ಬಿಡಲಿಲ್ಲ. ಆಗ ಅಂಥ ದೂರದರ್ಶಕದಲ್ಲಿ ನೋಡಬೇಕಾದರೆ ಕತ್ತಲಲ್ಲಿ ಏಣಿ ಹತ್ತಿ, ಕೊಳವೆಯ ಮೇಲ್ತುದಿಗೆ ಕಣ್ಣಿಟ್ಟು ನಿಲ್ಲಬೇಕಿತ್ತು. ಚಳಿ, ನಿದ್ದೆ, ಜಾರುವ ಮೆಟ್ಟಿಲು. ನ್ಯಾಸ್ಮಿತ್ ತನ್ನ 20 ಅಂಗುಲ ಕನ್ನಡಿಯ ದೂರದರ್ಶಕದಲ್ಲಿ ಬೆಳಕನ್ನು ಇನ್ನೊಂದು ಚಿಕ್ಕ ಕನ್ನಡಿಯಿಂದ ಪಕ್ಕಕ್ಕೆ ತಿರುಗಿಸಿ, ಕೊಳವೆ ಏರಿಳಿಯುವ ಅಚ್ಚಿನ ಟೊಳ್ಳಿನೊಳಗಿಂದ ಹೊರಗೆ ತಂದ. ಕೊಳವೆ ಎತ್ತ ವಾಲಿದರೂ ಆ ಅಚ್ಚು ಮೇಲೆ ಕೆಳಗೆ ಹೋಗುವುದಿಲ್ಲವಲ್ಲ! ನೋಡುವವನು ಕುರ್ಚಿಯಲ್ಲಿ ಕೂತು, ಕೈಗೆಟಕುವ ಹಿಡಿಗಳನ್ನು ತಿರುಗಿಸುತ್ತ ಇಡೀ ಆಕಾಶವನ್ನು ನೋಡಬಹುದಿತ್ತು.

1890ರ ಮೇ 7ರಂದು ನ್ಯಾಸ್ಮಿತ್ ಲಂಡನ್ನಿನಲ್ಲಿ ತೀರಿಕೊಂಡ. ಹವಾಯಿ ದ್ವೀಪದ ಬೆಟ್ಟದ ಮೇಲಿರುವ ಕೆಕ್ ದೂರದರ್ಶಕಗಳ ಕನ್ನಡಿ 10 ಮೀಟರ್ ಅಗಲ. ಅವುಗಳ ಭಾರವಾದ ಉಪಕರಣಗಳಲ್ಲಿ ಕೆಲವನ್ನು ಅವನು ಕುರ್ಚಿ ಹಾಕಿದ ಜಾಗದಲ್ಲೇ, ಅಚ್ಚಿನ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಆ ಜಾಗಕ್ಕೆ ನ್ಯಾಸ್ಮಿತ್ ನಾಭಿ ಎಂದೇ ಹೆಸರು. ಚಂದ್ರನ ನೈಋತ್ಯದ ಅಂಚಿನ ಬಳಿ ಒಂದು ಗುಳಿಗೂ ಅವನ ಹೆಸರಿದೆ.